ಔಷಧಿ ಗುಂಡಿ

ನಮ್ಮ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಅದೂ ಊರ ಸ್ಮಶಾನದಲ್ಲಿ ಅಲ್ಲ, ಸ್ವಂತ ಜಮೀನಿನ ಮೂಲೆಯಲ್ಲಿ. ಕೊಡಿಗೇಹಳ್ಳಿಯಲ್ಲಿ ನಮಗಿದ್ದ ಹೊಲ ಒಂದಿಷ್ಟು ರಸ್ತೆಗೆ ಹೋಯಿತು, ಒಂದಿಷ್ಟು ಸೈಟಾಯಿತು, ಒಂದಿಷ್ಟರಲ್ಲಿ ಬಾಡಿಗೆ ಮನೆಗಳು ಎದ್ದವು. ಉಳಿದದ್ದು ಅಜ್ಜ ಹಿಂದೆ ಕಂಬದ ಕಾರ್ಖಾನೆಗೆ ಗುತ್ತಿಗೆ ಕೊಟ್ಟಿದ್ದ ಒಂದು ತುಂಡು. ಅದರ ತೆಂಕಣ ಮೂಲೆಯಲ್ಲಿ ಅಜ್ಜ, ಅಜ್ಜಿ, ನನ್ನ ಅಪ್ಪ ಸಾಲಾಗಿ ಮಲಗಿದ್ದಾರೆ. ಅವರಿಂದ ಸ್ವಲ್ಪ ಆಚೆ ಚಿಕ್ಕಮ್ಮ ಇದ್ದಳು.

ಚಿಕ್ಕಪ್ಪನಿಗೆ ಈಗ ಎಂಬತ್ತರ ಹತ್ತಿರ. ಅವನಿಗೆ ಮಕ್ಕಳಿಲ್ಲ. ಅಮ್ಮ ಹೆರಿಗೆಗೆ ಹೋದ ತವರಿನಲ್ಲೇ ತೀರಿಕೊಂಡು, ಅಪ್ಪನೂ ಬೇಗ ಹೋದದ್ದರಿಂದ ನನ್ನನ್ನೂ ಅಣ್ಣನನ್ನೂ ಬೆಳೆಸಿದ್ದು ಅವನೂ ಚಿಕ್ಕಮ್ಮನೂ. ಈಗ ಅಣ್ಣನ ಸಂಸಾರದ ಜೊತೆ ಹಳೆಮನೆಯಲ್ಲೇ ಇದ್ದಾನೆ. ಊಟಕ್ಕೆ ಇಂಥದ್ದೇ ಬೇಕು ಎಂದವನಲ್ಲ, ಹಬ್ಬಕ್ಕೆ ಹೊಸ ಪಂಚೆ ಕೇಳಿದವನಲ್ಲ. ಬದುಕಿನಲ್ಲಿ ಅವನು ನಮ್ಮನ್ನು ಕೇಳಿದ್ದು ಒಂದೇ. ಚಿಕ್ಕಮ್ಮನನ್ನು ಮಣ್ಣು ಮಾಡಿ ಬಂದ ದಿನ ಜಗಲಿಯ ಮೇಲೆ ಕೂತು ಹೇಳಿದ: "ನನ್ನ ಅವ್ಳ ಎಡಗಡೀಕೆ ಮಡಗ್ರಿ. ಬಲಗಡೆ ಬಂಡೆ ಐತೆ, ಅಗೆಯಾಕಾಗಲ್ಲ." ನಾವು ಆಗಲಿ ಎಂದೆವು. ಅದರಲ್ಲೇನು ಕಷ್ಟ? ಜಾಗ ನಮ್ಮದು, ಮಣ್ಣು ನಮ್ಮದು.

ಕಾರ್ಖಾನೆಯ ವಿಷಯ ಹೇಳಬೇಕು. ಲೈಟು ಕಂಬಗಳು ಮರದವಾಗಿದ್ದ ಕಾಲ ಅದು. ನೀಲಗಿರಿ, ಸರ್ವೆ ಮರದ ಬೊಡ್ಡೆಗಳು ಲಾರಿಯಲ್ಲಿ ಬರುತ್ತಿದ್ದವು. ತೊಗಟೆ ತೆಗೆದು, ಒಣಗಿಸಿ, ಟ್ರಾಲಿಯ ಮೇಲೆ ಪೇರಿಸಿ, ಉದ್ದನೆಯ ಕಬ್ಬಿಣದ ಸಿಲಿಂಡರಿನ ಒಳಗೆ ತಳ್ಳಿ, ಬಾಗಿಲು ಬಿಗಿದು, ಒಳಗೆ ಹಸಿರು ನೀರು ನುಗ್ಗಿಸುತ್ತಿದ್ದರು. ಆಮೇಲೆ ಆ ಕಂಬಕ್ಕೆ ಗೆದ್ದಲು ಹಿಡಿಯುತ್ತಿರಲಿಲ್ಲ, ಅದು ಮಳೆಗೆ ಕೊಳೆಯುತ್ತಿರಲಿಲ್ಲ. ಆ ಹಸಿರು ನೀರನ್ನು ಎಲ್ಲರೂ ಔಷಧಿ ಅನ್ನುತ್ತಿದ್ದರು. ಸಿಲಿಂಡರಿನಿಂದ ಹೊರಗೆ ಬಂದ ಕಂಬಗಳಿಂದ ತೊಟ್ಟಿಕ್ಕಿದ್ದೆಲ್ಲ ಒಂದು ಕಾಲುವೆಯಲ್ಲಿ ಹರಿದು, ನಮ್ಮ ಹಿರಿಯರ ಸಮಾಧಿಗಳ ಪಕ್ಕದ ಒಂದು ಗುಂಡಿಗೆ ಬೀಳುತ್ತಿತ್ತು. ಅದರ ಹೆಸರು ಔಷಧಿ ಗುಂಡಿ. ಚಿಕ್ಕಪ್ಪ ಟ್ರಾಲಿ ಎಳೆಯುವ ಕೆಲಸದಲ್ಲಿದ್ದ. ಸಂಜೆ ಮನೆಗೆ ಬಂದರೆ ಅವನ ಉಗುರು ಹಸಿರು, ಅಂಗಿಯ ತೋಳು ಹಸಿರು. ನನಗೆ ಅದು ಚಂದ ಕಾಣುತ್ತಿತ್ತು. ಹೋಳಿಯಾಡಿ ಬಂದಿದ್ದಾನೆ ಎಂದು ಗೇಲಿ ಮಾಡುತ್ತಿದ್ದೆ.

ಕತ್ತರಿಸಿ ಉಳಿದ ಕಂಬದ ತುಂಡುಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಸೌದೆ ಡಿಪೋದಲ್ಲಿ ಕ್ಯೂ ನಿಲ್ಲುವ ಕಾಲದಲ್ಲಿ ಪುಕ್ಕಟೆ ಸೌದೆ ಎಂದರೆ ಸುಮ್ಮನೆಯೇ? ಚಿಕ್ಕಪ್ಪ ಹೊರೆ ಕಟ್ಟಿ ತರುತ್ತಿದ್ದ. ಬಚ್ಚಲ ಹಂಡೆಗೆ ಅದೇ ಸೌದೆ. ವರ್ಷಗಟ್ಟಲೆ ನಾವೆಲ್ಲ ಮಿಂದದ್ದು ಅದೇ ಬಿಸಿನೀರು, ಕುಡಿದದ್ದು ಅದೇ ಹೊಗೆ. ಚಿಕ್ಕಮ್ಮ ಆ ಬೂದಿಯನ್ನು ಜರಡಿ ಹಿಡಿದು ಡಬ್ಬದಲ್ಲಿ ತುಂಬಿಡುತ್ತಿದ್ದಳು. ಹುಣಿಸೆಹಣ್ಣಿಗೆ ಆ ಬೂದಿ ಸೇರಿಸಿ ಉಜ್ಜಿದರೆ ಹಿತ್ತಾಳೆ ಚೊಂಬು ಫಳಫಳ ಹೊಳೆಯುತ್ತಿತ್ತು. ನಮ್ಮ ಮನೆಯ ಪಾತ್ರೆ ನೋಡಿ ಬೀದಿಯವರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದರು, ಒಂದು ಬೊಗಸೆ ಬೂದಿ ಕೊಡೇ ಎಂದು ಕೇಳಿಕೊಂಡು ಬರುತ್ತಿದ್ದರು. ಚಿಕ್ಕಮ್ಮ ಯಾರಿಗೂ ಇಲ್ಲ ಎಂದವಳಲ್ಲ. ಮಿಕ್ಕಿದ್ದನ್ನು ಹಿತ್ತಿಲ ದಂಟಿನ ಸೊಪ್ಪಿಗೆ, ಬದನೆ ಗಿಡಕ್ಕೆ ಚೆಲ್ಲುತ್ತಿದ್ದಳು. ಹುಳ ಬೀಳುವುದಿಲ್ಲ ಎಂದು ಅವಳ ಲೆಕ್ಕ. ನಿಜ, ಹುಳ ಬೀಳುತ್ತಿರಲಿಲ್ಲ.

ಬರುಬರುತ್ತ ಅವಳ ಅಂಗೈಯಲ್ಲಿ ಮೆಣಸಿನ ಕಾಳಿನಂಥ ಗಂಟುಗಳೆದ್ದವು. ಅಂಗಾಲು ಬಿರಿಯಿತು. ಬೆನ್ನಿನ ಮೇಲೆ ಕಪ್ಪು ಬಿಳುಪಿನ ಚುಕ್ಕೆಗಳಾದವು. ಗೇಯ್ದ ಕೈ ಹೀಗೇ ಇರುತ್ತದೆ ಎಂದು ನಗುತ್ತಿದ್ದಳು. ಆಮೇಲೆ ಹೊಟ್ಟೆ ಹಿಡಿದುಕೊಂಡಳು. ಡಾಕ್ಟರು ಮೊದಲು ಹುಣ್ಣು ಅಂದರು, ಆಮೇಲೆ ಇನ್ನೇನೋ ಅಂದರು, ಕೊನೆಗೆ ಮನೆಗೆ ಕರೆದುಕೊಂಡು ಹೋಗಿ ಅಂದರು. ಕಾರಣ ಇದೇ ಎಂದು ಹೇಳಲಾಗದು ಎಂದು ಇವತ್ತಿಗೂ ಎಲ್ಲ ಡಾಕ್ಟರೂ ಹೇಳುತ್ತಾರೆ. ನಾನು ಡಾಕ್ಟರಲ್ಲ. ನಾನು ಹೇಳುತ್ತೇನೆ.

ಅವಳು ಹೋಗುವ ಹೊತ್ತಿಗೆ ಸಿಮೆಂಟು ಕಂಬಗಳು ಬಂದು ಕಾರ್ಖಾನೆ ಬಾಗಿಲು ಹಾಕಿ ಬಹಳ ಕಾಲವಾಗಿತ್ತು. ಸಿಲಿಂಡರನ್ನು ಗುಜರಿಯವರು ಕೊಯ್ದುಕೊಂಡು ಹೋದರು. ಗುಂಡಿಯನ್ನು ಹಾಗೇ ಬಿಟ್ಟು ಹೋದರು. ದನ ಬಿದ್ದೀತೆಂದು ನಾವೇ ಅದಕ್ಕೆ ಇಟ್ಟಿಗೆ ಚೂರು, ಬೂದಿ, ಕೊಳೆತ ಹಗ್ಗ, ಕೆರೆ ಮಣ್ಣು ತುಂಬಿಸಿ ಮಟ್ಟ ಮಾಡಿದೆವು.

ಚಿಕ್ಕಮ್ಮ ಸತ್ತದ್ದು ನಡುಬೇಸಿಗೆಯಲ್ಲಿ. ಅಪ್ಪನ ಸಮಾಧಿಯ ಪಕ್ಕ ಅಗೆಯಲು ಹೋದರೆ ನೆಲ ಕಲ್ಲಾಗಿತ್ತು. ಹಾರೆ ಹಾಕಿದರೆ ಠಣ್ಣೆನ್ನುತ್ತಿತ್ತು. ಹೆಣ ಬಿಸಿಲಿನಲ್ಲಿ ಇತ್ತು. ಆಗ ಅಗೆಯುವವರಲ್ಲೊಬ್ಬ ಸ್ವಲ್ಪ ಆಚೆ ಕಾಲಿನಿಂದ ಒತ್ತಿ ನೋಡಿ, "ಇಲ್ಲಿ ಮೆತ್ತಗೈತೆ ಕಣ್ರಪ್ಪಾ" ಎಂದ. ಅದು ನಾವು ಮುಚ್ಚಿದ ಗುಂಡಿ. ಒಂದು ಗಳಿಗೆಯಲ್ಲಿ ಆಳಕ್ಕೆ ಅಗೆದು ಮುಗಿಸಿದರು. ಬಂದಿದ್ದ ಹೆಂಗಸರೆಲ್ಲ, ಪುಣ್ಯವಂತೆ, ಭೂಮ್ತಾಯಿ ಎಷ್ಟು ಸಲೀಸಾಗಿ ಬಾಯಿ ಬಿಟ್ಟಳು ನೋಡಿ ಎಂದು ಕಣ್ಣೊರೆಸಿಕೊಂಡರು. ನನಗೂ ಸಮಾಧಾನವೇ ಆಯಿತು. ಚಿಕ್ಕಪ್ಪ ಮೊದಲ ಹಿಡಿ ಮಣ್ಣು ಹಾಕಿದ, ನಾವೆಲ್ಲ ಹಾಕಿದೆವು. ಮಣ್ಣಿನಲ್ಲಿ ಹಸಿರು ಗೆರೆಗಳಿದ್ದವು. ಯಾರಿಗೂ ಅದು ಹೊಸದಲ್ಲ.

ಚಿಕ್ಕಪ್ಪ ಅವಳ ಸಮಾಧಿಯ ಮೇಲೆ ತುಳಸಿ ನೆಟ್ಟ, ಒಣಗಿತು. ಕಣಗಿಲೆ ನೆಟ್ಟ, ಅದೂ ಒಣಗಿತು. ನಾಯಿಗಳ ಮೇಲೆ ಗುಮಾನಿ ಪಟ್ಟು ಮುಳ್ಳು ಸುತ್ತಿಸಿದ. ಪ್ರತಿ ವರ್ಷ ಪಿತೃಪಕ್ಷದಲ್ಲಿ ಸಮಾಧಿಗಳಿಗೆ ಸುಣ್ಣ ಬಳಿಯುವಾಗ ಅಜ್ಜನ ತಲೆಯ ಮೇಲೆ ಮೊಣಕಾಲೆತ್ತರ ಹುಲ್ಲು ಬೆಳೆದಿರುತ್ತಿತ್ತು, ಚಿಕ್ಕಮ್ಮನ ಮೇಲೆ ಒಂದು ಎಸಳೂ ಇಲ್ಲ. ಅವಳು ಬದುಕಿದ್ದಾಗಲೂ ಅಂಗಳ ಹೀಗೇ ಇಟ್ಟುಕೊಂಡಿದ್ದಳು ಎಂದು ಅತ್ತಿಗೆ ಹೊಗಳಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನಮ್ಮ ಕಥೆಯೂ ಅಷ್ಟೇ.

ಮೊದಲು ಸುಳಿವು ಕೊಟ್ಟವನು ಒಬ್ಬ ಬಿಲ್ಡರ್. ಆ ತುಂಡಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತೇನೆ, ಸಮಾಧಿಗಳ ಜಾಗ ಬಿಟ್ಟು ಸುತ್ತ ಗೋಡೆ ಹಾಕಿಸಿಕೊಡುತ್ತೇನೆ ಎಂದು ಅಣ್ಣನ ಜೊತೆ ಮಾತಾಡಿದ. ಪಾಯಕ್ಕೆಂದು ಮಣ್ಣು ತೆಗೆಸಿ ಪರೀಕ್ಷೆಗೆ ಕಳಿಸಿದ. ಅದಾದ ಮೇಲೆ ಅವನು ಫೋನೇ ಎತ್ತಲಿಲ್ಲ. ಅವನಿಂದ ಸುದ್ದಿ ಎಲ್ಲೆಲ್ಲಿಗೋ ಹೋಗಿ, ಕೊನೆಗೆ ಸರ್ಕಾರದ ಕಡೆಯವರು ಬಂದರು. ನಮ್ಮ ಬಾಡಿಗೆ ಮನೆಗಳ ಬೋರ್‌ವೆಲ್ ಪೈಪಿಗೆ ಕೆಂಪು ಬಣ್ಣದ ಅಡ್ಡಗೆರೆ ಎಳೆದು, ಈ ನೀರು ಬಾಯಿಗೆ ಇಡಬೇಡಿ ಎಂದರು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಎಂದರು. ಆರ್ಸೆನಿಕ್ ಎಂದರೇನು ಎಂದು ಅತ್ತಿಗೆ ಕೇಳಿದಳು. ಪಾಷಾಣ ಎಂದೆ.

ಸ್ವಚ್ಛ ಮಾಡುವ ಕೆಲಸ ಶುರುವಾಯಿತು. ಸುತ್ತ ನೀಲಿ ತಗಡು ನಿಂತಿತು. ಮೈತುಂಬ ಬಿಳಿ ಸೂಟು, ಮುಖಕ್ಕೆ ಮಾಸ್ಕು ಹಾಕಿಕೊಂಡವರು ಒಳಗೆ ಓಡಾಡಿದರು. ಚಿಕ್ಕಪ್ಪ ತಗಡಿನ ಸಂದಿಯಿಂದ ನೋಡುತ್ತ ನಿಲ್ಲುತ್ತಿದ್ದ. "ನಾವು ಬನಿಯನ್ನಾಗೇ ಎಳೀತಿದ್ವಲ್ಲೋ" ಎಂದು ಅಣ್ಣನಿಗೆ ಒಂದು ಸಲ ಹೇಳಿದ. ನಾನು ವಿದ್ಯಾರಣ್ಯಪುರದ ನನ್ನ ಮನೆಯಿಂದ ಎರಡು ದಿನಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದೆ. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಅವರ ಇಂಗ್ಲಿಷು ಅರ್ಥವಾದೀತೆಂದು ಅಣ್ಣ ನನ್ನನ್ನು ಮುಂದೆ ಮಾಡಿದ್ದ.

ಅಲ್ಲಿದ್ದ ಇಂಜಿನಿಯರ್ ನನ್ನ ಮಗಳ ವಯಸ್ಸಿನ ಹುಡುಗಿ. ಒಂದು ಬೆಳಿಗ್ಗೆ ಗೇಟಿನ ಹತ್ತಿರ ನನ್ನನ್ನು ಕರೆದಳು. "ಮೇಡಂ, ಇಡೀ ಜಾಗದಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದಿರೋದು ಆ ಮೂಲೇಲಿ. ಉಳಿದಿದ್ದೆಲ್ಲ ಅದರ ಮುಂದೆ ಏನೂ ಅಲ್ಲ. ಏನಿತ್ತು ಮೇಡಂ ಅಲ್ಲಿ?"

"ಅಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ" ಎಂದೆ.

ಅವಳು ತಮಾಷೆ ಎಂದುಕೊಂಡು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಅಜ್ಜ, ಅಜ್ಜಿ, ಅಪ್ಪ ಗಟ್ಟಿ ನೆಲದಲ್ಲಿದ್ದರು, ಅವರನ್ನು ಮುಟ್ಟಬೇಕಾಗಿರಲಿಲ್ಲ. ಚಿಕ್ಕಮ್ಮ ಇದ್ದ ಜಾಗವನ್ನು ಮಾತ್ರ ಆಳಕ್ಕೆ ತೋಡಿ ತೆಗೆಯಲೇಬೇಕು. ಆ ಮಣ್ಣನ್ನು ಚೀಲಗಳಲ್ಲಿ ಕಟ್ಟಿ, ತುಮಕೂರು ರಸ್ತೆಯ ಆಚೆ ವಿಷದ ಕಸವನ್ನು ಮುಚ್ಚಿಡುವ ಒಂದು ಜಾಗಕ್ಕೆ ಕಳಿಸುತ್ತಾರಂತೆ. ಮೂಳೆಗಳು? ಅವಳು ಯಾರು ಯಾರಿಗೋ ಫೋನು ಮಾಡಿದಳು, ಜಗಳವಾಡಿದಳು. ಮಾರನೆಯ ದಿನ ಹೇಳಿದಳು: "ಮೇಡಂ, ಯಂತ್ರ ಬೇಡ, ಕೈಯಲ್ಲೇ ಅಗೆಸ್ತೀನಿ. ಸಿಕ್ಕಿದ್ದನ್ನ ತೊಳೆಸಿ ನಿಮ್ಮ ಕೈಗೆ ಕೊಡ್ತೀನಿ. ನಾನೇ ನಿಂತಿರ್ತೀನಿ. ನೀವು ಒಂದು ದಿನ ಹೇಳಿ, ಬೇಗ."

ಆ ದಿನ ಚಿಕ್ಕಪ್ಪನ ಮುಖದಲ್ಲಿ ಕಂಡದ್ದನ್ನು ಸಂತೋಷ ಎನ್ನಲೇ? ಹಳೆಮನೆಯ ಹಿತ್ತಿಲ ಮಣ್ಣಿನಲ್ಲಿ ದೋಷ ಕಂಡಿರಲಿಲ್ಲ. ಸೀಬೆಮರದ ಕೆಳಗೆ ಇಬ್ಬರಿಗೂ ಆಗುವಷ್ಟು ಜಾಗವನ್ನು ಅವನೇ ಕಾಲಲ್ಲಿ ಅಳೆದು ಕಲ್ಲಿಟ್ಟ. ಈಗ ಅವಳು, ಮುಂದೆ ಅವಳ ಎಡಗಡೆ ತಾನು. ಕುಂಬಾರರ ಬೀದಿಗೆ ಹೋಗಿ ಹೊಸ ಮಡಕೆ ತಂದ, ಅದಕ್ಕೆ ಕಟ್ಟಲು ಬಿಳಿ ಬಟ್ಟೆ ತಂದ.

ಆದರೆ ದಿನ ಯಾವುದು? ಆಗ ಭಾದ್ರಪದ, ಪಿತೃಪಕ್ಷ ಇನ್ನೇನು ಹತ್ತಿರವಿತ್ತು. ಅಣ್ಣ ಹಿರೀಕರನ್ನು ಕೇಳಿದ. ಸಮಾಧಿ ಬಿಚ್ಚುವುದೇ ಅಪಚಾರ, ಬಿಚ್ಚಲೇಬೇಕಾದರೆ ಸತ್ತವರು ಎಡೆಗೆ ಬರುವ ದಿನವೇ ಬಿಚ್ಚಬೇಕು, ಮಹಾಲಯ ಅಮಾವಾಸ್ಯೆಯಂದು ದಾಸಯ್ಯನನ್ನು ಕರೆಸಿ ಶಂಖ ಊದಿಸಿ, ಎಡೆಯಿಟ್ಟು ಆಮೇಲೆ ಹಾರೆ ಮುಟ್ಟಬೇಕು ಎಂದರು ಅವರು. ಚಿಕ್ಕಪ್ಪನೂ ಅದನ್ನೇ ಹಿಡಿದ. "ಅವತ್ತಾದ್ರೆ ಅವ್ಳು ಎದ್ದಿರ್ತಾಳೆ ಕಣವ್ವಾ. ಮಲಗಿರೋಳ್ನ ಸುಮ್‌ಸುಮ್ನೆ ಎಬ್ಬಿಸಬಾರ್ದು."

ನಾನು ಕಿರುಚಾಡಿದೆ. "ನಾಳೇನೇ ತೆಗೆಸು ಅಣ್ಣಾ, ಮಳೆ ಕಾದು ಕೂತಿಲ್ಲ. ಸತ್ತೋಳು ಕಾಯ್ತಾಳೆ, ಆ ಯಂತ್ರ ಕಾಯಲ್ಲ" ಎಂದೆ. ಯಾರು ಕೇಳಬೇಕು? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅಣ್ಣ, "ನೀನ್ ಸುಮ್ನಿರಮ್ಮ, ನಿಂಗೆಲ್ಲ ಅವಸರ" ಎಂದ. ಚಿಕ್ಕಪ್ಪನ ಮುಖ ನೋಡಿ ನಾನೂ ಪಟ್ಟು ಬಿಟ್ಟೆ. ದಿನ ಹೇಳಿದಾಗ ಆ ಹುಡುಗಿ ಮೋಡ ನೋಡಿದಳು. ಆಯಿತು ಮೇಡಂ ಎಂದಳು.

ಅಮಾವಾಸ್ಯೆಗೆ ಕೆಲವೇ ದಿನ ಮುಂಚೆ ಆ ಮಳೆ ಬಂತು. ಹೆಬ್ಬಾಳದ ಕಡೆ ಸರ್ವೀಸ್ ರಸ್ತೆಯಲ್ಲಿ ಕಾರುಗಳು ತೇಲಿದವು ಎಂದು ಟೀವಿಯಲ್ಲಿ ತೋರಿಸಿದರು. ನಮ್ಮ ಜಾಗದಲ್ಲಿ ಆಗಲೇ ತೋಡಿಟ್ಟಿದ್ದ ಹೊಂಡಗಳು ತುಂಬಿ, ತಗಡಿನ ಕೆಳಗಿನಿಂದ ಹಸಿರು ನೀರು ಬೀದಿಗೆ ಹರಿಯಿತು. ಬಾಡಿಗೆಯವರು ಮೊಬೈಲಿನಲ್ಲಿ ಹಿಡಿದರು, ಗಲಾಟೆಯಾಯಿತು. ಇನ್ನೊಂದು ಮಳೆ ಬರುವುದರೊಳಗೆ ಅತಿ ವಿಷದ ಜಾಗವನ್ನು ಮೊದಲು ಖಾಲಿ ಮಾಡಿ ಎಂದು ಮೇಲಿನವರು ಹೇಳಿದರಂತೆ. ಹುಡುಗಿ ಆ ರಾತ್ರಿ ಮೋರಿಯ ಹತ್ತಿರ ಪಂಪು ಹಚ್ಚಿಸುತ್ತ ನಿಂತಿದ್ದಳು. ಜೆಸಿಬಿಯವನಿಗೆ ಯಾರೋ, ಆ ಮೂಲೆ ತೆಗಿ ಎಂದರು. ಅವನು ತೆಗೆದ. ಅವನಿಗೇನು ಗೊತ್ತು?

ಅಣ್ಣ ಫೋನು ಮಾಡಿ ಬಾ ಎಂದಷ್ಟೇ ಹೇಳಿದ. ನಾನು ಹೋದಾಗ ಚಿಕ್ಕಪ್ಪ ತಗಡಿನ ಬಾಗಿಲಲ್ಲಿ ನಿಂತಿದ್ದ. ಚಿಕ್ಕಮ್ಮನ ಸಮಾಧಿಯ ಸುತ್ತ ಇದ್ದ ಚಪ್ಪಡಿ ಕಲ್ಲುಗಳನ್ನು ಒಂದು ಕಡೆ ಒರಗಿಸಿಟ್ಟಿದ್ದರು. ಕಲ್ಲಿದ್ದ ಜಾಗದಲ್ಲಿ ಹೊಂಡ, ಹೊಂಡದಲ್ಲಿ ನೀರು. ಲಾರಿ ಬೆಳಗಾಗುವ ಮುಂಚೆಯೇ ಹೋಗಿತ್ತು. ಹುಡುಗಿ ಅಳುತ್ತಿದ್ದಳು. "ಯಾವ ಚೀಲ ಅಂತ ಹೇಳೋಕಾಗಲ್ಲ ಮೇಡಂ. ಎಲ್ಲಾ ಸೇರ್ಕೊಂಡ್ಬಿಟ್ಟಿದೆ" ಎಂದಳು. ನಾನು ಬಾಯಿಗೆ ಬಂದಂತೆ ಬೈದೆ. ಕುಲ ಎತ್ತಿ ಬೈಯುವುದೊಂದು ಬಾಕಿ ಇತ್ತು. ಅವಳು ತಲೆ ತಗ್ಗಿಸಿಕೊಂಡು ನಿಂತಿದ್ದಳು. ಬೈದು ಮುಗಿದ ಮೇಲೆ ನನ್ನ ಸಿಟ್ಟೆಲ್ಲ ಅಣ್ಣನ ಕಡೆ, ಹಿರೀಕರ ಕಡೆ, ಶಂಖದ ಕಡೆ ತಿರುಗಿತು. ಅಣ್ಣ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಅವನಿಗೆ ಇನ್ನೇನು ಹೇಳಲಿ?

ಚಿಕ್ಕಪ್ಪ ಮಾತ್ರ ಮನೆಗೆ ಹೋಗಿ ಮಲಗಿಬಿಟ್ಟ. ಸಂಜೆ ಊಟಕ್ಕೆ ಎಬ್ಬಿಸಿದಾಗ ಅತ್ತಿಗೆಯನ್ನು ಕೇಳಿದನಂತೆ, "ಲಾರಿ ಮೇಲೆ ಟಾರ್ಪಾಲ್ ಹಾಕಿದ್ರಾ?" ಹಾಕಿದ್ದರು ಎಂದು ಅವಳು ಹೇಳಿದಳು.

ಇಷ್ಟಾದರೂ ನೆಲ ಶುದ್ಧವಾಯಿತೇ ಎಂದರೆ ಅದೂ ಇಲ್ಲ. ಚಿಕ್ಕಮ್ಮನ ಹೊಂಡದ ತಳದಲ್ಲಿ ಇನ್ನೂ ಹಸಿರೇ ಇತ್ತು. ಇನ್ನಷ್ಟು ತೋಡಿದರು, ಅಲ್ಲೂ ಹಸಿರು. ಅದು ಅಡ್ಡಡ್ಡ ಹರಿದು ಬಾಡಿಗೆ ಮನೆಗಳ ಅಡಿಗೆ ಹೋಗಿತ್ತು, ಅದರಾಚೆಗೂ ಹೋಗಿರಬಹುದು ಎಂದರು. ಮನೆ ಕೆಡವದೆ ಮುಂದೆ ಹೋಗುವಂತಿರಲಿಲ್ಲ. ಯಾರ ಮನೆ ಯಾರು ಕೆಡವಬೇಕು ಎಂಬ ಪ್ರಶ್ನೆಗೆ ಕೆಲಸ ನಿಂತಿತು. ಹೊಂಡಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಎಲ್ಲಿಂದಲೋ ಕೆಂಪು ಮಣ್ಣು ತಂದು ಸುರಿದು, ಅಪಾಯ ಎಂಬ ಬೋರ್ಡು ನೆಟ್ಟು ಹೋದರು. ಹುಡುಗಿಯನ್ನು ಬೇರೆ ಊರಿಗೆ ಹಾಕಿದರು. ಬಾಡಿಗೆಯವರಿಗೆ ಟ್ಯಾಂಕರ್ ನೀರು ಬರುತ್ತದೆ, ಬೋರ್‌ವೆಲ್ಲಿನ ಮೇಲಿನ ಕೆಂಪು ಗೆರೆ ಹಾಗೇ ಇದೆ. ಚಿಕ್ಕಮ್ಮನ ಮಣ್ಣು ಹೋದದ್ದೇ ಲಾಭ, ಇನ್ಯಾವ ಲಾಭವನ್ನೂ ನಾನು ಕಾಣೆ.

ಹೋಗುವ ಮುಂಚೆ ಆ ಹುಡುಗಿ ಒಂದು ಉಪಕಾರ ಮಾಡಿದಳು. ಚಿಕ್ಕಪ್ಪ ಅವಳನ್ನು ಕೇಳಿಕೊಂಡಿದ್ದ, ಆ ಜಾಗ ಒಂದು ಸಲ ನೋಡಬೇಕು ಎಂದು. ಅಲ್ಲಿನವರಿಗೆ ಹೇಳಿ ನಮ್ಮನ್ನು ಬೇಲಿಯವರೆಗೆ ಬಿಡುವಂತೆ ಮಾಡಿದಳು. ಅಣ್ಣ ಕಾರು ತೆಗೆದ. ಚಿಕ್ಕಪ್ಪ ಒಗೆದ ಪಂಚೆ ಉಟ್ಟು, ಆ ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತ. ಬಿಟ್ಟು ಬಾ ಎನ್ನುವ ಧೈರ್ಯ ನನಗಿರಲಿಲ್ಲ.

ನೆಲಮಂಗಲ ದಾಟಿ ಇನ್ನೂ ಬಹಳ ದೂರ. ಎತ್ತರದ ತಂತಿ ಬೇಲಿ, ಅದರಾಚೆ ಒಂದು ಗುಡ್ಡ. ಗುಡ್ಡಕ್ಕೆ ಪೂರ್ತಿ ಕಪ್ಪು ಪ್ಲಾಸ್ಟಿಕ್ ಹೊದಿಸಿ, ಗಾಳಿಗೆ ಹಾರದಂತೆ ಮೇಲೆಲ್ಲ ಮರಳಿನ ಚೀಲ ಇಟ್ಟಿದ್ದರು. ಒಂದು ಹಕ್ಕಿಯೂ ಕೂತಿರಲಿಲ್ಲ. ನಮ್ಮ ಜೊತೆ ಬಂದ ನೌಕರ ಒಳ್ಳೆಯ ಮನುಷ್ಯ, ಚಿಕ್ಕಪ್ಪನಿಗೆ ಕುರ್ಚಿ ತರಿಸಿದ. ಚಿಕ್ಕಪ್ಪ ಕೂರಲಿಲ್ಲ.

"ನಮ್ ಕೊಡಿಗೇಹಳ್ಳಿ ಮಣ್ಣು ಎತ್ಲಾಗೈತೆ ಸ್ವಾಮಿ?"

"ಎಲ್ಲಾ ಕಡೆ ಇರುತ್ತೆ ತಾತ. ಬಂದಿದ್ದನ್ನ ಹರಡಿ, ರೋಲರ್ ಹೊಡೆದು, ಅದರ ಮೇಲೆ ಮತ್ತೊಂದು ಹಾಕ್ತೀವಿ. ಎಷ್ಟೋ ಫ್ಯಾಕ್ಟ್ರಿದು ಬರುತ್ತೆ."

ಚಿಕ್ಕಪ್ಪ ಬೇಲಿಯ ತಂತಿ ಹಿಡಿದು ಗುಡ್ಡವನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಆಮೇಲೆ, ಕೂಲಿ ಕೇಳುವವರ ಹಾಗೆ ಸಣ್ಣ ದನಿಯಲ್ಲಿ ಕೇಳಿದ: "ಸತ್ತೋರ್ನ ಇಲ್ಲಿ ಮಡಗಾಕಿಲ್ವಾ?"

ನೌಕರ ಗಾಬರಿಯಾಗಿ ನನ್ನ ಮುಖ ನೋಡಿದ. "ಇಲ್ಲ ತಾತ. ಇಲ್ಲಿಗೆ ವೇಸ್ಟ್ ಮಾತ್ರ ಬರೋದು."

"ನಾನೂ ಅದ್ರಾಗೇ ಕೆಲ್ಸ ಮಾಡ್ದೋನು ಸ್ವಾಮಿ" ಎಂದ ಚಿಕ್ಕಪ್ಪ. "ನನ್ ಮೈನಾಗೂ ಐತೆ."

ನನಗೆ ತಡೆಯಲಾಗಲಿಲ್ಲ. ಅವನ ರಟ್ಟೆ ಹಿಡಿದುಕೊಂಡು ಅತ್ತುಬಿಟ್ಟೆ. ಅಣ್ಣ ದೂರ ಹೋಗಿ ಕಾರಿನ ಬಾಗಿಲು ತೆಗೆದು ನಿಂತ. ನೌಕರ ಆಕಾಶ ನೋಡಿ, ಮಳೆ ಬರೋ ಹಾಗಿದೆ, ಹುಷಾರಾಗಿ ಹೋಗಿ ಎಂದ. ಚಿಕ್ಕಪ್ಪ ಮಡಕೆಯನ್ನು ಬೇಲಿಯ ಬುಡದಲ್ಲಿಟ್ಟ. ಹಾಗೆಲ್ಲ ಇಡುವಂತಿಲ್ಲ ಎಂದು ನೌಕರ ಮೆಲ್ಲಗೆ ಹೇಳಿದ. ಅದನ್ನು ನಾನೇ ಎತ್ತಿಕೊಂಡು ಬಂದೆ.

ವಾಪಸು ಬರುವಾಗ ಯಶವಂತಪುರದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಅಣ್ಣ ಕನ್ನಡಿಯಲ್ಲಿ ಹಿಂದೆ ನೋಡಿ, "ಚಿಕ್ಕಪ್ಪಾ, ಹಿತ್ತಿಲಲ್ಲಿ ನಿನ್ ಜಾಗ ಇದ್ದೇ ಇದೆ. ಅದಕ್ಕೇನೂ ಯೋಚ್ನೆ ಮಾಡ್ಬೇಡ" ಎಂದ. ಪಾಪ, ಸಮಾಧಾನ ಹೇಳಲು ಅವನಿಗೆ ಇದ್ದದ್ದು ಅದೊಂದೇ.

"ಬ್ಯಾಡ ಕಣೋ. ನನ್ನ ಸುಟ್‌ಬುಡಿ."

"ಏನ್ ಮಾತಾಡ್ತೀಯಾ! ನಮ್ಮಲ್ಲಿ ಯಾರನ್ನ ಸುಟ್ಟಿದಾರೆ?"

"ಮಣ್ಣಾಗೆ ಮಡಗಿದ್ರೆ ನಾನು ಇಲ್ಲಿ, ಅವ್ಳು ಎಲ್ಲೋ ಅಂತ ಆಯ್ತದೆ" ಎಂದ ಚಿಕ್ಕಪ್ಪ. "ಅವ್ಳು ಎಲ್ಲೂ ಇಲ್ವಲ್ಲಪ್ಪ ಈಗ. ಸುಟ್ರೆ ನಾನೂ ಎಲ್ಲೂ ಇರಾಕಿಲ್ಲ."

ಹಿಂದಿನ ಗಾಡಿಯವನು ಹಾರ್ನ್ ಹೊಡೆದ ಮೇಲೆ ಅಣ್ಣ ಗೇರು ಹಾಕಿದ. ಆಗಲಿ ಚಿಕ್ಕಪ್ಪ ಎಂದು ನಾನೇ ಹೇಳಿದೆ.